ಎಲ್ಲೂ ಮುಟ್ಟದ ಬಳೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ಬಲ್ಬು ಕಾರ್ಖಾನೆಯ ಗೇಟಿನ ದೀಪ ತಲೆಕೆಳಗಾಗಿ ಉರಿಯುತ್ತಿತ್ತು. ದೀಪದ ತಗಡಿನ ಟೋಪಿ ಬೋಗುಣಿಯಾಗಿತ್ತು, ಬೆಳಕು ಅದರಲ್ಲಿ ಸುರಿದಿಟ್ಟ ಹಾಲಿನಂತೆ ತುಂಬಿತ್ತು. ಜಾಲರಿಗೆ ಸಿಕ್ಕಿ ಸತ್ತ ಹುಳುಗಳ ರೆಕ್ಕೆಯ ನರಗಳೂ ಸ್ಪಷ್ಟವಾಗಿದ್ದವು. ಮಗಳು ದುರ್ಬೀನನ್ನು ಕೂದಲೆಳೆಯಷ್ಟು ಸರಿಸಿದಳು. ಬೋರ್ಡಿನ ಮೇಲಿನ ಕಂಪನಿಯ ಹೆಸರಿನ ಅಕ್ಷರಗಳು ಕಾಲು ಮೇಲೆ ಮಾಡಿಕೊಂಡು ಒಂದೊಂದಾಗಿ ತೇಲಿಬಂದವು.

“ನೋಡಿದ್ಯಾ ತಂಗೀ,” ಎಂದ ಕನ್ನಡಿ ಮಾವ. “ಮೆರವಣಿಗೆ ಮಾಡಿ, ಗಂಟಲು ಹರ್ಕೊಂಡು, ಲಾಠಿ ಏಟು ತಿಂದ್ರೂ ಅಲ್ಲಾಡದ ಕಂಪನಿ. ನನ್ನ ಒಂದು ಕನ್ನಡಿಗೆ ಬೋರಲು ಬಿತ್ತು.”

“ಚಿತ್ರದಲ್ಲಿ ತಾನೇ ಅಣ್ಣ ಬಿದ್ದಿರೋದು,” ಎಂದಳು ಅಮ್ಮ. “ಜಂಬ ಸ್ವಲ್ಪ ಕಮ್ಮಿ ಮಾಡು.”

ಅವಳು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಮುಖ ಪರದೆಯ ಕಡೆಗಿರಲಿಲ್ಲ; ಒಣಗಲು ಹಾಕಿದ ಬಟ್ಟೆಗಳ ಕಡೆಗಿತ್ತು. ಏನನ್ನಾದರೂ ನೋಡಬೇಕೆಂದರೆ ಅಮ್ಮ ಅದರಿಂದ ಮುಖ ತಿರುಗಿಸಬೇಕು. ಮಗಳ ಮುಖ ಕಾಣಬೇಕೆಂದರೆ ಮಗಳ ಕಿವಿಯಾಚೆಗಿನ ಗೋಡೆಯನ್ನು ದಿಟ್ಟಿಸಬೇಕು. ಹೊಸಬರು ಇದನ್ನು ಗರ್ವವೆಂದುಕೊಳ್ಳುತ್ತಿದ್ದರು. ಮನೆಯವರಿಗೆ ಗೊತ್ತಿತ್ತು, ಅವಳ ನೋಟದ ನಟ್ಟನಡುವೆ ಬೂದಿಬಣ್ಣದ ಒಂದು ತೂತು ಇದೆ, ಅವಳು ಎಲ್ಲಿ ಕಣ್ಣಿಡುತ್ತಾಳೋ ತೂತು ಅಲ್ಲಿಗೇ ಬಂದು ಕೂರುತ್ತದೆ ಎಂದು.

ಆ ತೂತು ದೇವರು ಕೊಟ್ಟದ್ದಲ್ಲ. ಎದುರಿನ ಕಾರ್ಖಾನೆ ಕೊಟ್ಟದ್ದು. ಅಲ್ಲಿ ಉರಿಸಿ ನೋಡುವ ವಿಭಾಗವೊಂದಿತ್ತು. ಹೊತ್ತಿಸಿದ ಬಲ್ಬುಗಳು ಸಾಲಾಗಿ ಬರುತ್ತಿದ್ದವು. ಹೆಂಗಸರು ಬೆಂಚಿನ ಮೇಲೆ ಕೂತು ರೆಪ್ಪೆ ಬಡಿಯದೆ ಅವುಗಳ ಹೊಟ್ಟೆಯನ್ನೇ ನೋಡಬೇಕು. ಒಳಗಿನ ತಂತಿ ಜೋತುಬಿದ್ದಿದೆಯೇ, ಆಸರೆಯ ಕಂಬಿಯನ್ನು ಸರಿಯಾಗಿ ಮುಟ್ಟಿದೆಯೇ, ಗಾಜಿಗೆ ಬಿರುಕಿದೆಯೇ? ಎಡಕ್ಕೆ ಪಾಸು, ಬಲಕ್ಕೆ ರಿಜೆಕ್ಟು. ಕಪ್ಪು ಕನ್ನಡಕ ಕೊಡಿ ಎಂದು ಹೆಂಗಸರು ಕೇಳಿದಾಗ, ಕಪ್ಪು ಕನ್ನಡಕದೊಳಗಿಂದ ಕೊರತೆ ಕಾಣುವುದಿಲ್ಲ ಎಂದಿತು ಆಡಳಿತ. ನಿಜವೇ. ಬಲ್ಬಿನ ಕೊರತೆ ಕಾಣುತ್ತಿರಲಿಲ್ಲ. ಹೆಂಗಸರ ಕಣ್ಣಿನ ಕೊರತೆಯಂತೂ ಬರಿಗಣ್ಣಿಗೂ ಯಾರಿಗೂ ಕಾಣಲಿಲ್ಲ.

ಕಾರ್ಖಾನೆ ಮುಚ್ಚಿ ವರ್ಷಗಳಾಗಿವೆ. ಯಂತ್ರಗಳನ್ನು ಕಿತ್ತು ಲಾರಿಗೆ ಹೇರಿ ಸಾಗಿಸಿದರು. ಆದರೂ ಗೇಟಿನ ದೀಪ ಸಂಜೆಯಾಗುವ ಮುಂಚೆಯೇ ಹೊತ್ತಿಕೊಳ್ಳುತ್ತದೆ, ಒಬ್ಬ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಒಳಗೆ ಕದಿಯಲು ಉಳಿದಿರುವುದು ಕತ್ತಲೆ ಒಂದೇ. ಅದನ್ನೂ ಹಳೆಯ ಕೆಲಸಗಾರರು ಹೊತ್ತೊಯ್ದಾರೆಂದು ಕಂಪನಿಯವರಿಗೆ ಭಯ.

ಕನ್ನಡಿ ಮಾವ ಅದೇ ಕಾರ್ಖಾನೆಯ ಗಾಜಿನ ಕುಲುಮೆಯಲ್ಲಿದ್ದವನು. ಹುಟ್ಟಿನಿಂದ ಬಂದ ನೆಂಟಸ್ತಿಕೆಯೇನೂ ಇಲ್ಲ. ಒಂದೇ ಮುಷ್ಕರದಲ್ಲಿ ಒಂದೇ ಚಾಪೆಯ ಮೇಲೆ ಕೂತ ನೆಂಟಸ್ತಿಕೆ. ಅಮ್ಮನಿಗೆ ಅಣ್ಣನಾದ, ಮಗಳಿಗೆ ಮಾವನಾದ. ಕೆಲಸ ಹೋದ ಮೇಲೆ ಕೈ ಸುಮ್ಮನಿರಲಾರದೆ ದಪ್ಪ ಗಾಜಿನ ಬಿಲ್ಲೆಯೊಂದನ್ನು ಹಿಡಿದು ತಿಕ್ಕತೊಡಗಿದ. ಮಳೆಗಾಲ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು, ತಿಕ್ಕುತ್ತಲೇ ಇದ್ದ. ಕಡೆಗೆ ಅದು ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸುವ ಕುಳಿಗನ್ನಡಿಯಾಯಿತು; ಉದ್ದನೆಯ ಕೊಳವೆಯ ತಳದಲ್ಲಿ ಕೂತು ದುರ್ಬೀನಾಯಿತು.

ಅದನ್ನು ಮಾಡಿದ್ದೇ ಅಮ್ಮನ ಒಂದು ಮಾತಿಗೆ.

ಹಿಂದೆ, ಕೆಲಸ ಇದ್ದ ಕಾಲದಲ್ಲಿ, ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಹಿಂದಿನ ಶೆಡ್ಡಿನಲ್ಲಿ ಓದಿನ ಕೂಟ ಸೇರುತ್ತಿತ್ತು. ಓದು ಬಲ್ಲವರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ತಕರಾರು ತೆಗೆಯುವುದು. ಅಂದು ಬೆಳಗ್ಗೆ ಗೇಟಿನ ಮುಂದೆ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ: “ಕಂಪನಿ ಹಿಡ್ಕೊಂಡಿದೆ, ಅದಕ್ಕೇ ನೀವು ನಿಂತಿದ್ದೀರಿ. ಕೈ ಬಿಟ್ರೆ ನೆಲಕ್ಕೆ ಬೀಳ್ತೀರಿ.” ಸಂಜೆ ಕೂಟದಲ್ಲಿ ಆಕಾಶದ ಪುಸ್ತಕ ಓದುತ್ತಿದ್ದರು. ಶನಿಗ್ರಹಕ್ಕೆ ಸುತ್ತಲೂ ಒಂದು ಬಳೆಯಿದೆ, ಅದು ಗ್ರಹವನ್ನು ಎಲ್ಲೂ ಮುಟ್ಟುವುದಿಲ್ಲ ಎಂಬ ಸಾಲು ಬಂತು.

“ಸುಳ್ಳು,” ಎಂದಿದ್ದಳು ಅಮ್ಮ. “ಮುಟ್ಟದೆ ಹೇಗೆ ನಿಲ್ಲುತ್ತೆ? ಆಸರೆ ಮುಟ್ಟದ ತಂತಿ ಇದ್ರೆ ನಾನು ಆ ಬಲ್ಬನ್ನ ಬಲಕ್ಕೆ ಹಾಕ್ತೀನಿ.”

“ಅಲ್ಲಿ ಯಾರೂ ಹಿಡ್ಕೊಂಡಿಲ್ಲ ತಂಗೀ, ಆದರೂ ನಿಂತಿದೆ,” ಎಂದಿದ್ದ ಮಾವ.

“ಬೆಳಗ್ಗೆ ಒಬ್ಬ ಬೀಳ್ತೀರಿ ಅಂತಾನೆ, ಸಾಯಂಕಾಲ ಒಬ್ಬ ನಿಲ್ತೀರಿ ಅಂತಾನೆ. ಇಬ್ಬರದೂ ಬಾಯಿ ಮಾತು. ನನ್ನ ಕಣ್ಣಿಗೆ ತೋರಿಸು, ಆಗ ನೋಡೋಣ.”

ಅಂದು ಎಲ್ಲರೂ ನಕ್ಕಿದ್ದರು. ಕಂಪನಿ ಕೈ ಬಿಟ್ಟ ಮೇಲೆ ಆ ಮಾತು ನಗುವ ಮಾತಾಗಿ ಉಳಿಯಲಿಲ್ಲ. ಅಮ್ಮ ಬೀಳಲಿಲ್ಲ, ಬೇರೆಯವರ ಮನೆಯ ಬಟ್ಟೆ ಒಗೆದಳು, ಆಸ್ಪತ್ರೆಯ ನೆಲ ಒರೆಸಿದಳು, ಮಗಳನ್ನು ಬೆಳೆಸಿದಳು. ಆದರೂ ನಿದ್ದೆ ಬಾರದಾಗ ಆ ಮ್ಯಾನೇಜರನ ದನಿ ಕಿವಿಯಲ್ಲಿ ಗುಂಯ್ಯೆನ್ನುತ್ತಿತ್ತು. ನಿಂತಿದ್ದೇನೋ, ಇನ್ನೂ ಬೀಳುತ್ತಲೇ ಇದ್ದೇನೋ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಮಾವನ ದುರ್ಬೀನು ಮುಗಿಯುವ ಹೊತ್ತಿಗೆ ಅಮ್ಮನ ನೋಟದ ನಡುಭಾಗ ಹೋಗಿತ್ತು. ಮಾವ ಕಣ್ಣಿಟ್ಟು ಬಳೆಯನ್ನು ನೋಡಿದ, ಮಗಳೂ ನೋಡಿದಳು. ಅಮ್ಮ ಕಣ್ಣಿಟ್ಟರೆ ಸಾಸಿವೆಯಷ್ಟಿದ್ದ ಗ್ರಹ ಸೀದಾ ತೂತಿನೊಳಗೆ ಬಿದ್ದು ಮಾಯವಾಗುತ್ತಿತ್ತು; ಓರೆಯಾಗಿ ನೋಡಹೋದರೆ ಮಸೂರದಿಂದಲೇ ಜಾರಿಹೋಗುತ್ತಿತ್ತು.

“ನಾನು ನೋಡಿದೀನಲ್ಲ, ಮುಟ್ಟಿಲ್ಲ,” ಎಂದಿದ್ದ ಮಾವ.

“ನಿನ್ನ ಕಣ್ಣು ನಿನಗೆ,” ಎಂದಿದ್ದಳು ಅಮ್ಮ.

ಈಗ ಇನ್ನೊಂದು ಅವಸರ ಬಂದಿತ್ತು. ಆಸ್ಪತ್ರೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಅಂಚೂ ಮಂಜಾಗುತ್ತಿದೆ, ನೋಡುವುದೆಲ್ಲ ಬೇಗ ನೋಡಿಕೊಳ್ಳಿ ಎಂದಿದ್ದರು. ಶನಿಯೋ, ಪಡುವಣ ದಿಕ್ಕಿಗೆ ದಿನದಿನವೂ ಇಳಿಯುತ್ತಿತ್ತು. ಸ್ವಲ್ಪವೇ ದಿನಗಳಲ್ಲಿ ಸೂರ್ಯನ ಬೆಳಕಿನೊಳಗೆ ಮುಳುಗಿಹೋಗುತ್ತದೆ. ಮತ್ತೆ ಬೇರೆ ದಿಕ್ಕಿನಲ್ಲಿ ಮೂಡಿ ಬರುವಾಗ ಅಮ್ಮನ ಆ ಅಂಚಿನ ನೋಟ ಇರುತ್ತದೋ ಇಲ್ಲವೋ.

ಮಗಳು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಇಟ್ಟು, ಗ್ರಹವನ್ನು ಊಟದ ತಟ್ಟೆಯಷ್ಟು ದೊಡ್ಡದಾಗಿ ಪರದೆಗೆ ತಂದರೆ ಅಮ್ಮ ಮುಖ ತಿರುಗಿಸಿ ನೋಡಬಹುದು ಎಂಬ ಯೋಚನೆ ಅವಳದು. ಗುಜರಿ ಬುಟ್ಟಿಯಿಂದ ಕುತ್ತಿಗೆ ಮುರಿದ ವೆಬ್‌ಕ್ಯಾಮೊಂದನ್ನು ತಂದಳು. ಅದರ ಪುಟ್ಟ ಮಸೂರವನ್ನು ತಿರುಗಿಸಿ ತೆಗೆದುಬಿಟ್ಟಳು. ಈಗ ಕನ್ನಡಿಯೇ ಅದಕ್ಕೆ ಮಸೂರ. ಅಮ್ಮನ ಕಣ್ಣಿನ ಮಾತ್ರೆಗಳ ಖಾಲಿ ಡಬ್ಬಿಯ ತಳ ಕೊಯ್ದು, ಅದರ ತಲೆಗೆ ವೆಬ್‌ಕ್ಯಾಮನ್ನು ಅಂಟಿಸಿದಳು. ಡಬ್ಬಿ ದುರ್ಬೀನಿನ ಕಣ್ಣಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಆ ಮಾತ್ರೆಯಿಂದ ಆಗಿರೋ ಉಪಕಾರ ಇದೊಂದೇ,” ಎಂದಳು ಅಮ್ಮ.

ಗೇಟಿನ ದೀಪವನ್ನು ನೋಡಿ ಮೂವರೂ ಹಿಗ್ಗಿದ ಸಂಜೆ ಅದೇ. ಅಷ್ಟು ದೂರದ ದೀಪ ಅಷ್ಟು ಚೊಕ್ಕವಾಗಿ ಬಂದ ಮೇಲೆ ಇನ್ನೇನು ಬೇಕು? ಡಬ್ಬಿ ಕೂತ ಒಳಕೊಳವೆಯನ್ನು ಪೂರ್ತಿ ಒಳಕ್ಕೆ ತಳ್ಳಿದಾಗ ಆ ಚೊಕ್ಕತನ ಸಿಕ್ಕಿತ್ತು. ಅಲ್ಲಿಗೇ ಬಿಟ್ಟರು, ಇನ್ನು ಆಕಾಶಕ್ಕೆ ತಿರುಗಿಸುವುದೊಂದೇ ಬಾಕಿ ಎಂದುಕೊಂಡರು.

ಆಕಾಶ ಅಷ್ಟು ಸಲೀಸಾಗಿ ಒಲಿಯಲಿಲ್ಲ. ಮೊದಲು ಪರದೆ ತುಂಬ ಬಿಳಿ ಮಂಜು. ಅದೇ ಗೇಟಿನ ದೀಪ ಕೊಳವೆಯ ಬಾಯಿಗೆ ಅಡ್ಡಡ್ಡ ಬೆಳಕು ತೂರುತ್ತಿತ್ತು. ಅಮ್ಮ ಎದ್ದುಹೋಗಿ ಬಟ್ಟೆಯ ಹಗ್ಗಕ್ಕೆ ಹಳೆಯ ಕಂಬಳಿ ಹಾಕಿದಳು, ಚಿಮಣಿಯ ತುದಿಯೊಂದನ್ನು ಬಿಟ್ಟು ಕಾರ್ಖಾನೆ ಮರೆಯಾಯಿತು. “ಇದನ್ನ ಮೊದಲೇ ಮಾಡಬೇಕಿತ್ತು. ಇಪ್ಪತ್ತು ವರ್ಷ ಮೊದಲೇ,” ಎಂದಳು. ಆಮೇಲೂ ಮಂಜು ತಿಳಿಯಾಗಲಿಲ್ಲ. ಕತ್ತಲೆ ಕಂಡರೆ ಸಾಕು, ವೆಬ್‌ಕ್ಯಾಮು ತನ್ನಷ್ಟಕ್ಕೆ ಬೆಳಕನ್ನು ಹಿಗ್ಗಿಸಿ ಎಲ್ಲಕ್ಕೂ ಸುಣ್ಣ ಬಳಿಯುತ್ತಿತ್ತು. ಮಗಳು ಲ್ಯಾಪ್‌ಟಾಪಿನಲ್ಲಿ ಅದರ ಸ್ವಂತ ಬುದ್ಧಿಯನ್ನು ಆರಿಸಿ, ಬೆಳಕಿನ ಅಳತೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಪರದೆ ಕಪ್ಪಾಯಿತು. ಬಾವಿಯೊಳಗಿನ ನೀರಿನಂತಹ ಕಪ್ಪು.

ಆ ನೀರಿನಲ್ಲಿ ಗ್ರಹವನ್ನು ಹಿಡಿಯುವುದೊಂದು ಕಸರತ್ತು. ಮಾವ ಕೊಳವೆಯ ಬೆನ್ನಿಗೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಿದ್ದ. “ಬಂತಾ?” “ಇಲ್ಲ.” “ಈಗ?” “ಬಂತು, ಬಂತು... ಹೋಯ್ತು.” “ಹೆಗಲೇರಿದ್ರೆ ಇಳಿಯಲ್ಲ ಅಂತಾರೆ, ನಮಗೆ ಮಾತ್ರ ಒಂದು ನಿಮಿಷ ನಿಲ್ಲಲ್ವಲ್ಲ ಈ ಶನಿ!” “ನಮ್ಮ ಹೆಗಲೇರಿದ್ದು ಕಂಪನಿ ಅಣ್ಣ. ಈ ಬಡಪಾಯಿ ಮೇಲೆ ಯಾಕೆ ಹಾಕ್ತೀಯ?” ಎಂದಳು ಅಮ್ಮ.

ಕೆಲವು ಸಂಜೆಗಳು ಹೀಗೇ ಕಳೆದವು. ಗ್ರಹ ಪ್ರತಿದಿನ ಕಾರ್ಖಾನೆಯ ಚಿಮಣಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಪಡುವಣ ದಿಕ್ಕು ನಸುಗೆಂಪಿನಿಂದ ಬೂದಿಬಣ್ಣಕ್ಕೆ, ಬೂದಿಬಣ್ಣದಿಂದ ನೀಲಿಗೆ ತಿರುಗುತ್ತಿದ್ದಂತೆ ಮನೆಗಳ ಕಿಟಕಿಗಳಲ್ಲಿ ಒಂದೊಂದೇ ದೀಪ ಹೊತ್ತುತ್ತಿತ್ತು. ಯಾರದೋ ಕುಕ್ಕರು ಕೂಗುತ್ತಿತ್ತು, ಯಾರೋ ಮಗುವಿಗೆ ಗದರುತ್ತಿದ್ದರು. ಇಡೀ ಬೀದಿ ಇಳಿಹೊತ್ತಿನಲ್ಲಿ ತೇಲುತ್ತಿರುವ ದೋಣಿಯಂತಿತ್ತು. ಮಾಳಿಗೆಯ ಮೇಲೆ ಮೂವರು ಲಂಗರು ಹುಡುಕುತ್ತಿದ್ದರು.

ಕಡೆಗೊಂದು ಸಂಜೆ ಗ್ರಹ ಪರದೆಗೆ ಬಂದು ನಿಂತಿತು. ಕಪ್ಪಿನ ನಡುವೆ ಒಂದು ಮಸುಕಾದ ಬಳೆ. ದುಂಡಗೆ, ಮೆತ್ತಗೆ, ಬಿಸಿನೀರಿನ ಆವಿಯಿಂದ ಮಾಡಿದಂತೆ. ನಡುವೆ ಕಪ್ಪು ತೂತು.

ಮಾವ ಕೈ ತಟ್ಟಿದ. ಮಗಳು ತಟ್ಟಲಿಲ್ಲ. ಅವಳಿಗೆ ಗೊತ್ತಿತ್ತು, ಇದು ಫೋಕಸ್ಸು ತಪ್ಪಿದ ಬೆಳಕು. ಕೊಳವೆಯ ಬಾಯಿಯಲ್ಲಿ ತೂಗುಹಾಕಿರುವ ಸಣ್ಣ ಕನ್ನಡಿಯ ನೆರಳೇ ನಡುವಿನ ಆ ಕಪ್ಪು. ಗ್ರಹವನ್ನೇ ಏಕೆ, ಯಾವ ನಕ್ಷತ್ರವನ್ನು ಹಿಡಿದರೂ ಹೀಗೇ ಬಳೆ ಬರುತ್ತದೆ. ಒಳಕೊಳವೆಯನ್ನು ಹೊರಕ್ಕೆಳೆದಳು, ಬಳೆ ಊದಿಕೊಂಡಿತು. ಒಳಕ್ಕೆ ತಳ್ಳಿದಳು, ಬಳೆ ಕುಗ್ಗುತ್ತ ಬಂತು, ಕುಗ್ಗುತ್ತ ಬಂತು, ಅಷ್ಟರಲ್ಲಿ ಕೊಳವೆ ಟಕ್ಕೆಂದು ಕೊನೆ ಮುಟ್ಟಿತು. ಇನ್ನು ಒಳಕ್ಕೆ ಜಾಗವಿಲ್ಲ.

“ಮಾವ, ಇದು ಸುಳ್ಳು ಬಳೆ,” ಎಂದಳು ಮೆಲ್ಲಗೆ.

ಮಾವ ಅಮ್ಮನ ಕಡೆ ನೋಡಿದ. ಅಮ್ಮ ಟ್ಯಾಂಕಿಗೆ ಒರಗಿ ತೂಕಡಿಸುತ್ತಿದ್ದಳು. “ಬಳೆ ಇದ್ದ ಹಾಗೇ ಇದೆಯಲ್ಲೇ,” ಎಂದ ಅವನೂ ಮೆಲ್ಲಗೆ. “ಇದೇ ಅಂದುಬಿಡು.”

“ಅಮ್ಮನಿಗೆ?”

“ಅವಳಿಗೇ ಅಂದದ್ದು. ಆ ಗ್ರಹ ಇನ್ನೆಷ್ಟು ದಿನ ಇರುತ್ತೆ, ಆ ಕಣ್ಣು ಇನ್ನೆಷ್ಟು ದಿನ ಇರುತ್ತೆ? ಮುಟ್ಟಿಲ್ಲ ಅಂತ ಒಂದು ಸಲ ನೋಡಿ ನೆಮ್ಮದಿಯಾಗಿ ಇರ್ಲಿ ಬಿಡೇ. ಇದರಲ್ಲಿ ಯಾರ ಗಂಟು ಹೋಗುತ್ತೆ?”

ಮಗಳಿಗೆ ಸುಸ್ತಾಗಿತ್ತು. ದಿನವಿಡೀ ಅಂಗಡಿಯಲ್ಲಿ ಬೆಸುಗೆಯ ಹೊಗೆ ಕುಡಿದು ಬಂದವಳು. ಚಿಮಣಿಯ ಪಕ್ಕದಲ್ಲಿ ಗ್ರಹ ಇಳಿಯುತ್ತಲೇ ಇತ್ತು. “ಅಮ್ಮಾ,” ಎಂದು ಕರೆದಳು. “ಬಂತು ನೋಡು.”

ಅಮ್ಮ ಎದ್ದು ಬಂದು ಪರದೆಯ ಮುಂದೆ ಕೂತಳು. ಮೊದಲು ಎಡಕ್ಕೆ ಮುಖ ತಿರುಗಿಸಿದಳು, ಹಗ್ಗದ ಮೇಲಿನ ಕಂಬಳಿಯ ಕಡೆ. ಆಮೇಲೆ ಬಲಕ್ಕೆ. ಆಮೇಲೆ ಗದ್ದ ಎತ್ತಿ ಆಕಾಶದ ಕಡೆ.

“ಗುಂಡು ಎಲ್ಲಿ?” ಎಂದಳು ಅಮ್ಮ.

“ಯಾವ ಗುಂಡು ತಂಗೀ?”

“ಗ್ರಹ. ಬಳೆ ಯಾವುದರ ಸುತ್ತ ಇದೆಯೋ ಅದು.”

“ಅದು... ನಡುವೆ ಇದೆ. ನಿನ್ನ ಕಣ್ಣಿನ ತೂತು ಅಡ್ಡ ಬರುತ್ತಲ್ಲ, ಅದಕ್ಕೆ ಕಾಣ್ತಿಲ್ಲ.”

ಅಮ್ಮನ ದನಿ ಏರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

“ಅಣ್ಣಾ, ನನ್ನ ತೂತಿನ ಜೊತೆ ನಾನು ಸಂಸಾರ ಮಾಡಿದೀನಿ. ಅದು ನನ್ನ ಹಿಂದೆಹಿಂದೇನೇ ಓಡಾಡುತ್ತೆ. ನಾನು ಕಂಬಳಿ ನೋಡಿದ್ರೆ ಕಂಬಳಿ ಮೇಲೆ, ಆಕಾಶ ನೋಡಿದ್ರೆ ಆಕಾಶದ ಮೇಲೆ. ಇದು ನಾನು ಎಲ್ಲಿ ನೋಡಿದ್ರೂ ನಿಂತ ಜಾಗದಲ್ಲೇ ನಿಂತಿದೆ. ಇದು ನನ್ನ ಕಣ್ಣಿನ ತೂತಲ್ಲ, ನಿಮ್ಮ ಚಿತ್ರದ್ದು. ಗುಂಡಿಲ್ಲದ ಬಳೆ ನನಗೆ ಮನೇಲೇ ಬೇಕಾದಷ್ಟಿದೆ, ಒಲೆ ನೋಡಿದ್ರೂ ಬಳೆ, ನಿನ್ನ ಮುಖ ನೋಡಿದ್ರೂ ಬಳೆ. ಅದನ್ನ ತೋರ್ಸೋಕೆ ದುರ್ಬೀನು ಯಾಕೆ?”

ಮಗಳು ತಲೆ ತಗ್ಗಿಸಿದಳು. “ಅಮ್ಮ, ಸುಮ್ನೆ ನಿನ್ನ ಸಮಾಧಾನಕ್ಕೆ...”

“ಸಮಾಧಾನ!” ಈಗ ದನಿ ಏರಿತು. “ಕಂಪನಿ ಡಾಕ್ಟರೂ ಅದನ್ನೇ ಕೊಟ್ಟಿದ್ದು. ಟಾರ್ಚು ಬಿಟ್ಟು ನೋಡೋದು, ‘ಏನೂ ಇಲ್ಲಮ್ಮ, ವಯಸ್ಸಾಯ್ತಲ್ಲ’ ಅನ್ನೋದು. ನೀನಿನ್ನೂ ನನ್ನ ಹಾಲು ಕುಡೀತಿದ್ದೆ ಕಣೇ ಆಗ. ಅಷ್ಟು ವಯಸ್ಸಾಗಿತ್ತು ನನಗೆ! ಅವರು ಹೇಳಿದ್ದನ್ನ ನಂಬ್ಕೊಂಡು ಮತ್ತೆ ಬೆಂಚಿನ ಮೇಲೆ ಹೋಗಿ ಕೂತ್ಕೊಂಡೆ. ಸಮಾಧಾನಕ್ಕೆ ಹೇಳೋದು ಕಂಪನಿಯವರ ಮಾತು. ಅದನ್ನ ನನ್ನ ಮಾಳಿಗೆ ಹತ್ತಿಸಬೇಡಿ.”

ಅವಳು ಗೋಡೆ ತಡವಿಕೊಂಡು ಮೆಟ್ಟಿಲಿಳಿದು ಹೋದಳು. ಪರದೆಯ ಮೇಲಿನ ಸುಳ್ಳು ಬಳೆ ಮೆಲ್ಲಗೆ ಜಾರಿ ಅಂಚಿನಾಚೆ ಹೋಯಿತು. ಅದನ್ನು ಮತ್ತೆ ಎಳೆದು ತರಲು ಇಬ್ಬರಿಗೂ ಕೈ ಬರಲಿಲ್ಲ.

“ನನ್ನ ನಾಲಿಗೆ ಸೀದುಹೋಗ,” ಎಂದ ಮಾವ ಕಡೆಗೆ.

ಮರುದಿನ ಮಗಳು ಅಂಗಡಿಯಿಂದ ಬೇಗ ಬಂದಳು. ಬಿಸಿಲಿನ್ನೂ ಮಾಳಿಗೆಯ ಮೇಲಿತ್ತು. ಅವಳು ಆಕಾಶದ ತಂಟೆಗೆ ಹೋಗಲಿಲ್ಲ. ಕೈಗೆಟುಕುವುದರಿಂದ ಶುರು ಮಾಡಿದಳು. ಪಕ್ಕದ ಮನೆಯ ನೀರಿನ ಟ್ಯಾಂಕು ಚೊಕ್ಕವಾಗಬೇಕಾದರೆ ಒಳಕೊಳವೆಯನ್ನು ತುಂಬಾ ಹೊರಕ್ಕೆಳೆಯಬೇಕಾಯಿತು. ಬೀದಿಯ ಕೊನೆಯ ಕಂಬಕ್ಕೆ ಸ್ವಲ್ಪ ಒಳಕ್ಕೆ ತಳ್ಳಿದಳು. ಗೇಟಿನ ದೀಪಕ್ಕೆ ಪೂರ್ತಿ ಒಳಕ್ಕೆ. ಆಮೇಲೆ ಕಾರ್ಖಾನೆಯ ಛಾವಣಿಯಾಚೆ, ಊರಾಚೆ, ಗುಡ್ಡದ ಮೇಲಿನ ಮೊಬೈಲ್ ಟವರಿನ ಕಡೆ ತಿರುಗಿಸಿದಳು. ಟವರು ಕರಗಿದ ಮೇಣದಂತೆ ಕಂಡಿತು. ಒಳಕ್ಕೆ ತಳ್ಳಹೋದರೆ ಜಾಗವಿಲ್ಲ.

ಅವಳಿಗೆ ನಗು ಬಂತು.

“ಅಮ್ಮಾ! ಮಾವಾ!” ಎಂದು ಮೆಟ್ಟಿಲ ಬಾಯಿಂದ ಕೂಗಿದಳು. “ತಪ್ಪು ಗೊತ್ತಾಯ್ತು, ಬನ್ನಿ!”

ಮಾವ ಏದುಸಿರು ಬಿಡುತ್ತ ಬಂದ. ಅಮ್ಮ ಮುಖ ಬಿಗಿದುಕೊಂಡೇ ಬಂದಳು, ಆದರೆ ಬಂದಳು.

“ವಸ್ತು ದೂರ ಹೋದಷ್ಟೂ ಕ್ಯಾಮೆರಾ ಒಳಕ್ಕೆ ಹೋಗಬೇಕು,” ಎಂದಳು ಮಗಳು. “ನಾವು ಗೇಟಿನ ದೀಪವನ್ನ ನೋಡಿ, ಅಷ್ಟು ದೂರದ್ದು ಬಂದ ಮೇಲೆ ಎಲ್ಲಾ ಬಂದ ಹಾಗೇ ಅಂದ್ಕೊಂಡ್ವಿ. ಅದು ದೂರವೇ ಅಲ್ಲ. ರಸ್ತೆ ದಾಟಿದ್ರೆ ಸಿಗೋದು.”

ಅಮ್ಮ ಕಾರ್ಖಾನೆಯ ಕಡೆಗಲ್ಲದೆ ಎಲ್ಲಿಗೋ ಮುಖ ತಿರುಗಿಸಿದಳು. ಅಂದರೆ ಕಾರ್ಖಾನೆಯನ್ನು ನೋಡಿದಳು. ಬೆಳಗ್ಗೆ ಎದ್ದ ಹೊತ್ತನ್ನು ಅದರ ಕೂಗಿನಿಂದ ಅಳೆದಿದ್ದರು. ಮದುವೆಯನ್ನು, ಬಾಣಂತನವನ್ನು ಅದರ ರಜೆಯಿಂದ ಅಳೆದಿದ್ದರು. ಬಾಗಿಲು ಹಾಕಿದ ಮೇಲೂ ‘ಮುಚ್ಚುವ ಮೊದಲು’, ‘ಮುಚ್ಚಿದ ಮೇಲೆ’ ಎಂದೇ ಕಾಲವನ್ನು ಕತ್ತರಿಸಿದ್ದರು. ಕೊನೆಗೆ ಆಕಾಶವನ್ನೂ ಅದರ ಗೇಟಿನಿಂದಲೇ ಅಳೆಯಲು ಹೊರಟಿದ್ದರು.

“ಥೂ,” ಎಂದಳು ಅಮ್ಮ. ಅದು ಬೈಗುಳವಾಗಿರಲಿಲ್ಲ, ಬಾಯಿಗೆ ಸಿಕ್ಕಿದ್ದ ನಾರು ಉಗುಳಿದಂತಿತ್ತು. “ಈಗೇನು ಮಾಡ್ಬೇಕು?”

“ಕ್ಯಾಮೆರಾ ಒಳಗೆ ಹೋಗಲ್ಲ ಅಂದ್ರೆ ತಳದ ಕನ್ನಡಿಯನ್ನೇ ಮೇಲೆತ್ತಬೇಕು. ಒಂದು ಬೆರಳಿನ ದಪ್ಪ ಸಾಕು.”

ಮಾವನ ಮುಖ ಇಳಿಯಿತು. “ಕನ್ನಡಿಗೆ ಕೈ ಹಚ್ಚೋದಾ? ಅದನ್ನ ಕೂರಿಸೋಕೆ ನನಗೆ ಒಂದು ಚಳಿಗಾಲ ಹಿಡಿದಿತ್ತು. ಕಣ್ಣಿಟ್ಟು ನೋಡಿದ್ರೆ ಸರಿಯಾಗೇ ಕಾಣುತ್ತೆ. ನಿನ್ನ ಡಬ್ಬಿ ಉದ್ದ ಆಯ್ತು, ನನ್ನ ಕನ್ನಡಿಯನ್ನ ಯಾಕೆ ದೂರ್ತೀಯ?”

“ನಿನ್ನ ಕನ್ನಡೀಲಿ ತಪ್ಪಿಲ್ಲ ಮಾವ. ನೀನು ಇದನ್ನ ಮಾಡಿದ್ದು ಕಣ್ಣಿಗೆ. ಕ್ಯಾಮೆರಾದ ಕಣ್ಣು ಡಬ್ಬಿ ತಲೆ ಮೇಲೆ ಕೂತಿದೆ, ಆಕಾಶದ ಬೆಳಕು ಅದಕ್ಕೂ ಮೊದಲೇ ಒಂದು ಬಿಂದುವಲ್ಲಿ ಕೂಡಿಬಿಡುತ್ತೆ. ಡಬ್ಬಿ ಗಿಡ್ಡ ಮಾಡಿದ್ರೆ ತೂತಲ್ಲಿ ನಿಲ್ಲಲ್ಲ.”

“ಎತ್ತೋಕೆ ಕೆಳಗೆ ಏನಿಡ್ತೀಯ? ಕಡ್ಡಿಪೆಟ್ಟಿಗೆಯಾ? ಒಂದು ಪಕ್ಕ ಒಂದು ಕೂದಲು ಏರುಪೇರಾದ್ರೂ ಗ್ರಹಕ್ಕೆ ಬಾಲ ಬರುತ್ತೆ!”

ಅಮ್ಮ ಕೆಳಗೆ ಹೋದಳು. ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು ಮೇಲಕ್ಕೆ ಕೇಳಿಸಿತು. ತಿರುಗಿ ಬಂದಾಗ ಅವಳ ಕೈಯಲ್ಲಿ ಹಳೆಯ ಊಟದ ಡಬ್ಬಿಯಿತ್ತು. ಮುಚ್ಚಳ ತೆಗೆದರೆ ಒಳಗೆ ಹಿತ್ತಾಳೆಯ ಪುಟ್ಟ ಕ್ಯಾಪುಗಳು. ರಾತ್ರಿದೀಪದ ಸಣ್ಣ ಬಲ್ಬುಗಳಿಗೆ ತಲೆಯಾಗಬೇಕಿದ್ದವು, ಬಲ್ಬನ್ನೇ ಕಾಣದೆ ಉಳಿದವು.

“ಎಲ್ಲಿಂದ ತಂದೆ ಇವನ್ನ?” ಮಾವನ ಹುಬ್ಬು ಹಾರಿತು.

“ಕೊನೇ ದಿನ. ಗೇಟಲ್ಲಿ ಎಲ್ಲರ ಚೀಲ ತಡಕಿದ್ರು, ಊಟದ ಡಬ್ಬಿ ತೆಗೆಸಲಿಲ್ಲ.”

“ಕದ್ದೆ ಅನ್ನು!”

“ತಂದೆ. ಅವರು ನನ್ನ ಕಣ್ಣು ಇಟ್ಕೊಂಡ್ರು, ನಾನು ಇವನ್ನ ಇಟ್ಕೊಂಡೆ.”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ತಂಗೀ! ಅಂದ್ರೆ ಇಷ್ಟು ವರ್ಷ ಆ ದೀಪ ಹಗಲೂ ರಾತ್ರಿ ಕಾಯ್ತಾ ಇರೋದು ಇದನ್ನೇನಾ! ಆ ಕಾವಲುಗಾರನಿಗೆ ಹೇಳಿಬಿಡು, ಪಾಪ, ಮನೆಗೆ ಹೋಗಿ ಮಲಗ್ಲಿ.”

ನಕ್ಕ ಮೇಲೆ ಅವನ ಹಟವೂ ಸಡಿಲವಾಯಿತು. ಕೊಳವೆಯನ್ನು ಮಲಗಿಸಿ, ತಳದ ತಿರುಪುಮೊಳೆಗಳನ್ನು ತಾನೇ ಬಿಚ್ಚಿದ, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಕನ್ನಡಿ ಹೊರಗೆ ಬಂದಾಗ ಇಳಿಬಿಸಿಲು ಅದರೊಳಗೆ ಬಿದ್ದು, ಮಾಳಿಗೆಯ ಗೋಡೆಯ ಮೇಲೆ ನಡುಗುವ ಒಂದು ಬಂಗಾರದ ಹೂವಾಯಿತು. ಅಮ್ಮ ಕ್ಯಾಪುಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದಾಗಿ ಉರುಳಿಸಿ ನೋಡುತ್ತಿದ್ದಳು. ಒಂದನ್ನು ಬಲಕ್ಕೆ ಎಸೆದಳು. ಇನ್ನೊಂದನ್ನೂ ಎಸೆದಳು. ಒಂದೇ ಎತ್ತರದ ಮೂರನ್ನು ಎಡಕ್ಕೆ ಜೋಡಿಸಿಟ್ಟಳು. ಅವಳ ಕೈ ತಾನಾಗಿಯೇ ಬೆಂಚಿಗೆ ಮರಳಿತ್ತು. ಈ ಸಲ ಬೆಳಕು ಅವಳ ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಗೋಡೆಯ ಮೇಲೆ ಸುಮ್ಮನೆ ಆಡುತ್ತಿತ್ತು.

ಮೂರು ಕ್ಯಾಪುಗಳು ಕನ್ನಡಿಯ ಬೆನ್ನಿಗೆ ಆಸರೆಯಾಗಿ ಕೂತವು. ಮಾವ ಉದ್ದ ತಿರುಪುಮೊಳೆಗಳನ್ನು ಹಾಕಿ ಬಿಗಿದ. ಅಮ್ಮ ಹಗ್ಗಕ್ಕೆ ಕಂಬಳಿ ಹಾಕಿದಳು.

ಗ್ರಹ ಕಾಣಿಸಿಕೊಂಡಾಗ ಚಿಮಣಿಯ ನೆತ್ತಿಗೆ ತೀರಾ ಹತ್ತಿರವಿತ್ತು. ಮಾವ ಕೊಳವೆಗೆ ಕೆನ್ನೆಯಿಟ್ಟು ಗುರಿ ಹಿಡಿದ. ಗ್ರಹ ಪರದೆಗೆ ಬಂತು, ಹೋಯಿತು, ಮತ್ತೆ ಬಂತು. ಮೊದಲು ಅದೇ ಸುಳ್ಳು ಬಳೆ, ದೊಡ್ಡದು. ಮಗಳು ಒಳಕೊಳವೆಯನ್ನು ಮೆಲ್ಲಗೆ ಜರುಗಿಸಿದಳು. ಬಳೆ ಕುಗ್ಗಿತು. ನಡುವಿನ ತೂತು ಮುಚ್ಚಿಕೊಂಡಿತು. ಒಂದು ಚುಕ್ಕೆಯಾಯಿತು, ಚುಕ್ಕೆಗೆ ಎರಡು ಕಡೆ ಏನೋ ಚಾಚಿಕೊಂಡಿತು. ಕೊಳವೆಗೆ ಇನ್ನೂ ಜಾಗವಿತ್ತು. ಈ ಸಲ ಅದು ಎಲ್ಲೂ ಟಕ್ಕೆನ್ನಲಿಲ್ಲ. ಮಗಳು ಕೈ ತೆಗೆದು, ಚಿತ್ರವನ್ನು ಹಿಗ್ಗಿಸಿ ಮಾಳಿಗೆಗೆ ಹೊತ್ತು ತಂದಿದ್ದ ದೊಡ್ಡ ಟೀವಿಯ ಪರದೆಗೆ ಬಿಟ್ಟಳು.

ಕರೆಯಬೇಕಾಗಲಿಲ್ಲ. ಅಮ್ಮ ಬಂದು ಕೂತಿದ್ದಳು. ಮುಖ ಎಡಕ್ಕೆ, ಕಂಬಳಿಯ ಕಡೆಗೆ.

ದಿಗಂತದ ಹತ್ತಿರದ ಗಾಳಿ ಬಿಸಿಯಾಗಿತ್ತು. ಗ್ರಹ ಹರಿಯುವ ನೀರಿನ ತಳದಲ್ಲಿರುವ ಕಲ್ಲಿನಂತೆ ಅಲುಗುತ್ತಿತ್ತು, ಕದಡುತ್ತಿತ್ತು, ಕೂಡುತ್ತಿತ್ತು. ಮಾವ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ.

“ಎರಡು ಕಡೆ ಹಿಡಿ ಇರೋ ಪಾತ್ರೆ ಥರ ಇದೆ,” ಎಂದಳು ಅಮ್ಮ, ಕನಸಿನಲ್ಲಿ ಮಾತಾಡುವವಳಂತೆ.

“ಹೂಂ,” ಎಂದಳು ಮಗಳು.

“ಅಲುಗುತ್ತೆ. ನಿಲ್ಲಲ್ಲ.”

“ಗಾಳಿ ಅಮ್ಮ. ಕಾಯಬೇಕು.”

ಅಮ್ಮ ಕಾದಳು. ಬಲಕ್ಕೆ ತಿರುಗಿ ನೋಡಿದಳು, ಮೇಲೆ ನೋಡಿದಳು, ಮತ್ತೆ ಎಡಕ್ಕೆ ಬಂದಳು. ಬೀದಿಯ ಸದ್ದೆಲ್ಲ ದೂರ ಸರಿದಂತಿತ್ತು. ಯಾವುದೋ ಒಂದು ಗಳಿಗೆಯಲ್ಲಿ ಗಾಳಿ ಉಸಿರು ಬಿಗಿಹಿಡಿಯಿತು. ನೀರು ತಿಳಿಯಾಯಿತು. ಗುಂಡು ಬೇರೆಯಾಯಿತು, ಬಳೆ ಬೇರೆಯಾಯಿತು. ನಡುವೆ ಸಣ್ಣಗೆ, ಕಾಡಿಗೆ ತೀಡಿದಷ್ಟು ಸಣ್ಣಗೆ, ಕಪ್ಪು ಆಕಾಶ ಕಂಡಿತು.

ಅಮ್ಮನ ಬೆನ್ನು ನೆಟ್ಟಗಾಯಿತು.

“ಮುಟ್ಟಿಲ್ಲ,” ಎಂದಳು.

ಮುಖವನ್ನು ಬಲಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದಳು.

“ಈ ಕಡೆನೂ ಮುಟ್ಟಿಲ್ಲ. ಆ ಕಡೆನೂ ಮುಟ್ಟಿಲ್ಲ. ಆಸರೆ ಇಲ್ಲ, ಕಂಬಿ ಇಲ್ಲ.” ಅವಳ ಬಲಗೈ ತೊಡೆಯ ಮೇಲೆ ಸ್ವಲ್ಪ ಎದ್ದು ತಡೆಯಿತು. ಎಷ್ಟೋ ವರ್ಷಗಳ ಅಭ್ಯಾಸ ಅದನ್ನು ಬಲಕ್ಕೆ ಎಳೆಯುತ್ತಿತ್ತು. ಆ ಕೈ ಹೋಗಲಿಲ್ಲ; ಮಡಿಲಲ್ಲೇ ಅಂಗಾತ ಮಲಗಿತು. “ಆ ಬೋಳಿಮಗ ಎಷ್ಟು ಗಟ್ಟಿಯಾಗಿ ಹೇಳಿದ್ದ ಅಣ್ಣ. ಕೈ ಬಿಟ್ರೆ ನೆಲಕ್ಕೆ ಅಂತ.”

“ಹೇಳಿದ್ದ,” ಎಂದ ಮಾವ. ಅವನ ದನಿ ಒಡೆದಿತ್ತು. ಅದನ್ನು ಮುಚ್ಚಿಕೊಳ್ಳಲು ಕೆಮ್ಮಿದ. “ಹಾಗಾದ್ರೆ ನೀನು ಸೋತೆ ಅಂತ ಒಪ್ಕೋ.”

“ಸೋತೆ,” ಎಂದಳು ಅಮ್ಮ. ಅವಳು ಸೋತೆ ಎಂದದ್ದನ್ನು ಮಾವ ಎಂದೂ ಕೇಳಿರಲಿಲ್ಲ, ಇಷ್ಟು ನಗುನಗುತ್ತ ಯಾರೂ ಸೋತದ್ದನ್ನೂ ನೋಡಿರಲಿಲ್ಲ.

ಗಾಳಿ ಮತ್ತೆ ಕದಡಿತು. ಗ್ರಹ ಪರದೆಯ ಅಂಚಿನ ಕಡೆ ಜಾರತೊಡಗಿತು. ಅದನ್ನು ನಡುವಿಗೆ ತರಲು ಮಗಳು ಕೊಳವೆಗೆ ಕೈ ಹಾಕಿದಳು.

“ಹಿಡೀಬೇಡ,” ಎಂದಳು ಅಮ್ಮ. “ಹೋಗ್ಲಿ.”

ಮಗಳು ಕೈ ತೆಗೆದಳು. ಬಳೆ ತನ್ನ ಗುಂಡನ್ನು ಮುಟ್ಟದೆ, ಗುಂಡು ತನ್ನ ಬಳೆಯನ್ನು ಬಿಡದೆ, ಎರಡೂ ಒಟ್ಟಿಗೆ ಮೆಲ್ಲಗೆ ಸರಿದು ಪರದೆಯ ಅಂಚು ದಾಟಿದವು. ಪರದೆ ಕಪ್ಪಾಯಿತು. ಅಮ್ಮ ಕಂಬಳಿಯ ಕಡೆ ಮುಖ ಮಾಡಿಕೊಂಡು ಇನ್ನೂ ನೋಡುತ್ತಲೇ ಇದ್ದಳು.

“ಅಲ್ಲಾ ತಂಗೀ,” ಎಂದ ಮಾವ ಸ್ವಲ್ಪ ಹೊತ್ತಾದ ಮೇಲೆ, “ಟೀವಿಯಲ್ಲಿ ನಾನಿನ್ನೂ ಸರಿಯಾಗಿ ನೋಡೇ ಇರ್ಲಿಲ್ಲ.”

“ನಿನ್ನ ಕಣ್ಣು ಚೆನ್ನಾಗೇ ಇದೆಯಲ್ಲ ಅಣ್ಣ,” ಎಂದಳು ಅಮ್ಮ. “ನಾಳೆ ನೋಡು.”